ಬೋರಲು ಹಾಕಿದ ಫೋನು

ನನ್ನ ಸಿಡುಕಿ ತಂಗಿಗೆ,

ಹದಿನೆಂಟು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ಫೋನ್ ರಿಪೇರಿ ಮಾಡುವವಳಿಗೆ ತಂಗಿಯ ಜೊತೆ ಮಾತಾಡಲು ಅಂಚೆಯೇ ಗತಿಯಾಯಿತಲ್ಲ ಎಂದು ನೀನು ಚಿಕ್ಕಮ್ಮನ ಮನೆಯಲ್ಲಿ ನಗುತ್ತಿರಬಹುದು. ನಗು. ನೀನು ನಕ್ಕು ಒಂದು ತಿಂಗಳಾಯಿತು.

ನೀನು ಅಂಗಡಿಗೆ ಬಂದ ಆ ಮಧ್ಯಾಹ್ನ ಕಣ್ಣ ಮುಂದಿನಿಂದ ಹೋಗುವುದೇ ಇಲ್ಲ. ಮೇಜಿನ ಮೇಲೆ ಮೂರು ಫೋನ್ ಬಿಚ್ಚಿಕೊಂಡು ಕೂತಿದ್ದೆ. ನೀನು ನಿನ್ನದನ್ನು ಮುಂದಿಟ್ಟು, "ಅಕ್ಕಾ, ಇದರಲ್ಲಿರೋದೆಲ್ಲ ಅಳಿಸಿಬಿಡು. ಏನೂ ಉಳೀಬಾರದು" ಅಂದೆ. ನಮ್ಮ ಅಂಗಡಿಯ ಪದ್ಧತಿ ನಿನಗೂ ಗೊತ್ತು. ಗಿರಾಕಿಯ ಫೋನಿನೊಳಗೆ ಇಣುಕಬಾರದು, ಯಾಕೆ ಎಂದು ಕೇಳಬಾರದು, ಅಳಿಸುವ ಕೆಲಸ ಮುಗಿಯುವ ತನಕ ಬೋರಲು ಹಾಕಿಡಬೇಕು. ನಾನು ಹಾಗೇ ಮಾಡಿದೆ. ತಿರುಗಿ ಕೊಡುವಾಗ "ತಗೋ, ಹಸುಗೂಸಿನ ಹಾಗಾಯ್ತು, ಇದಕ್ಕೆ ಏನೂ ನೆನಪಿಲ್ಲ" ಎಂದು ತಮಾಷೆ ಬೇರೆ ಮಾಡಿದೆ. ಅದಾದ ಮೇಲೆ ನೀನು ಚಿಕ್ಕಮ್ಮನ ಮನೆಗೆ ಹೊರಟುಹೋದೆ.

ಮೊನ್ನೆ ಚಿಕ್ಕಮ್ಮನಿಂದ ಎಲ್ಲ ಗೊತ್ತಾಯಿತು. ಸ್ನೇಹ ಎಂದರೆ ಪಾಸ್‌ವರ್ಡ್ ಕೂಡ ಬಚ್ಚಿಡಬಾರದು ಎಂದು ನಂಬಿ ನಿನ್ನದನ್ನು ಗೆಳತಿಗೆ ಕೊಟ್ಟೆಯಂತೆ. ಜಗಳವಾದ ಮೇಲೆ ಅವಳು ನಿನ್ನ ಹೆಸರಿನಿಂದಲೇ ತರಗತಿಗೆಲ್ಲ ಹೊಲಸು ಸಂದೇಶ ಕಳಿಸಿ, ಬಾಯಿ ಬಿಟ್ಟರೆ ಇನ್ನೂ ಕಳಿಸುತ್ತೇನೆ ಎಂದು ನಿನ್ನನ್ನೇ ಹೆದರಿಸಿದಳಂತೆ. "ಹೆಸರು ನಂದು, ಪಾಸ್‌ವರ್ಡ್ ಕೊಟ್ಟೋಳೂ ನಾನೇ. ಪೊಲೀಸರು ಮೊದಲು ನನ್ನನ್ನೇ ಹಿಡೀತಾರೆ" ಅಂದೆಯಂತೆ. ಆ ಹೆದರಿಕೆಗೇ ಎಲ್ಲ ಅಳಿಸಲು ತಂದದ್ದು. ಹದಿನೇಳು ವರ್ಷದ ನಿನಗೆ ಕಾನೂನು ಎಂದರೆ ಹಿಡಿದುಕೊಂಡು ಹೋಗುವುದು ಮಾತ್ರ. ಅದು ಕಾಪಾಡಲೂ ಇದೆ ಎಂದು ಹೇಳಬೇಕಾಗಿದ್ದ ಅಕ್ಕ ಸ್ಕ್ರೂಡ್ರೈವರ್ ಹುಡುಕುತ್ತಿದ್ದಳು. ಆ ಗೆಳತಿ ಹೆದರಿಸಿ ಕಳಿಸಿದ ಮೆಸೇಜುಗಳೇ ನಿನಗಿದ್ದ ಸಾಕ್ಷಿ. ಅವನ್ನೂ ನನ್ನ ಕೈಯಾರೆ ಅಳಿಸಿದೆ.

ನಿನ್ನೆ ಒಡೆದ ಗಾಜು ಬದಲಿಸಿಕೊಳ್ಳಲು ವಕೀಲರೊಬ್ಬರು ಬಂದಿದ್ದರು. ಗಿರಾಕಿಯ ಹತ್ತಿರ ಮನೆಯ ಮಾತು ಆಡಬಾರದು ಎನ್ನುವುದನ್ನೂ ಬಿಟ್ಟು ಎಲ್ಲ ಹೇಳಿಕೊಂಡೆ. "ನಂಬಿದ್ದು ಅಪರಾಧ ಅಲ್ಲಮ್ಮ. ಆ ಮೆಸೇಜು ಬೇರೆ ಕಡೆ ಸಿಗಬಹುದು, ಸಿಗದೇನೂ ಇರಬಹುದು. ಆದರೆ ನಡೆದಿದ್ದನ್ನ ನಿನ್ನ ತಂಗಿ ಬಾಯಿಂದಲೇ ಕೇಳಬೇಕು. ಕರ್ಕೊಂಡು ಬಾ, ಪೊಲೀಸ್ ಠಾಣೆಗೆ ನಾನೂ ಜೊತೆಗೆ ಬರ್ತೀನಿ" ಅಂದರು ಆಕೆ.

ಅಮ್ಮ ಹೋದ ಮೇಲೆ ಈ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಈಗ ನಿನ್ನ ಹಾಸಿಗೆಯ ಮೇಲೆ ಒಗೆದ ಬಟ್ಟೆ ವಾರದಿಂದ ಬಿದ್ದಿದೆ, ಮಡಚಲಿಲ್ಲ ಎಂದು ಬೈಯುವವರಿಲ್ಲ. ಸಂಜೆ ನಾನೇ ಬೀಗ ತೆಗೆದು, ಅಭ್ಯಾಸಬಲದಿಂದ "ಬಂದೆ ಕಣೇ" ಎನ್ನುತ್ತೇನೆ. ಆಮೇಲೆ ದೀಪ ಹಾಕಲೂ ಮನಸ್ಸಾಗುವುದಿಲ್ಲ. ನಿನಗೂ ಅಲ್ಲಿ ಹೀಗೇ ಆಗುತ್ತಿರಬೇಕು ಎನ್ನುವುದೇ ನನಗೆ ಹೆಚ್ಚಿನ ಸಂಕಟ.

ಅವತ್ತು ಕೇಳದೆ ಹೋದದ್ದನ್ನು ಈಗ ಕೇಳುತ್ತಿದ್ದೇನೆ. ಏನಾಯ್ತು ಪುಟ್ಟಾ? ಉತ್ತರ ಬರೆಯಬೇಡ, ಫೋನೂ ಮಾಡಬೇಡ. ಭಾನುವಾರ ಅಂಗಡಿ ಮುಚ್ಚಿ ನಾನೇ ಬರುತ್ತೇನೆ. ನೀನು ಬಾಗಿಲು ತೆಗೆದರೆ ಸಾಕು.

ಅಲ್ಲಿಯ ತನಕ ಕಣ್ತುಂಬ ನಿದ್ದೆ ಬರಲಿ, ನಿನಗೆ ಒಳ್ಳೆಯದಾಗಲಿ.

ಫೋನ್ ಇಸಿದುಕೊಂಡು ಮುಖ ನೋಡದೆ ಹೋದ,
ನಿನ್ನ ಅಕ್ಕ