ಸ್ಲೇಟು ಒರೆಸಿದ್ದೇನೆ

ಭಾನು,

ನಿನ್ನೆ ಒಂದೇ ದಿನ ನಮ್ಮ ಫೋನಿಗೆ ಒಂಬತ್ತು ಸಾವಿರ ಕರೆ ಬಂದವು. ಎಲ್ಲವನ್ನೂ ನಾನೊಬ್ಬನೇ ಎತ್ತಿದೆ. ಬೀದಿಗೆಲ್ಲ ಇರುವುದು ಇದೊಂದೇ ಫೋನು, ಏನು ಮಾಡೋದು!

ಅತ್ತು ಮಲಗಿದ್ದೀಯ, ಎಬ್ಬಿಸಲಿಲ್ಲ. ಕಾಫಿ ಫ್ಲಾಸ್ಕಿನಲ್ಲಿದೆ.

ಎಂಟಕ್ಕೆ ರಾಚಮ್ಮನ ಮಗ ಫೋನ್ ಮಾಡುತ್ತಾನೆ, ಅವಳನ್ನು ಕೂಗು. ಅವಳು ಮಾತಾಡುವಷ್ಟು ಹೊತ್ತು ನೀನು ಹಿತ್ತಲಲ್ಲಿರು.

ಫೋನಿನ ಪಕ್ಕದ ಸ್ಲೇಟಿನಲ್ಲಿ ಇನ್ನು ಯಾರ ಸುದ್ದಿಯನ್ನೂ ಬರೆಯಬೇಡ. ಚೀಟಿಯಲ್ಲಿ ಬರೆದು, ಮಡಿಸಿ, ಅವರವರ ಕೈಗೇ ಕೊಡು.

ನೀನು ಗಣಿತದಲ್ಲಿ ಫೇಲಾದ ಸುದ್ದಿಯನ್ನು ಸ್ಲೇಟಿನಲ್ಲಿ ಯಾರೋ ಕಳ್ಳ ಬಂದು ಬರೆದು ಹೋದ ಅಂತ ನಾನು ಬೀದಿಗೆಲ್ಲ ಸಾರಿದೆ. ಪಕ್ಕದ ಮನೆ ಗುರುಮಲ್ಲಮ್ಮ ನಕ್ಕುಬಿಟ್ಟಳು: "ಬುಡಣ್ಣೋ, ಅಕ್ಸರ ನಿಂದೇ ಕಣ."

ಹೌದು ಕಣವ್ವ ಭಾನು, ಬರೆದದ್ದು ನಾನೇ. ಕಾಲೇಜಿನಿಂದ ನಿನ್ನ ಗೆಳತಿ ಕುಮಾರಿ ಫೋನ್ ಮಾಡಿ ಹೇಳಿದಳು. ಎಲ್ಲರ ಸುದ್ದಿಯ ಜೊತೆ ಅದನ್ನೂ ಗೀಚಿಬಿಟ್ಟೆ. ನೀನು ಓದುವ ಮೊದಲೇ ಬೀದಿ ಓದಿತು.

ಮರುಪರೀಕ್ಷೆಯ ಅರ್ಜಿ ತರಲು ಗುಂಡ್ಲುಪೇಟೆಗೆ ಹೊರಟಿದ್ದೇನೆ. ಎಲ್ಲಿಗೆ ಅಂತ ಯಾರಿಗೂ ಹೇಳಿಲ್ಲ.

ಬಂದದ್ದು ಒಂಬತ್ತು ಸಾವಿರವಲ್ಲ, ಒಂಬತ್ತೇ ಕರೆ. ಅದರಲ್ಲಿ ನಿನ್ನದೊಂದನ್ನು ಜೋಪಾನ ಮಾಡಲು ನನ್ನ ಕೈಲಾಗಲಿಲ್ಲ.

ಅಪ್ಪ