ನನ್ನ ಹಳೆಯ ಫೋನು ವಾಪಸ್ ಕೊಡು

ಭಾನುವಾರ, ಬೆಳಿಗ್ಗೆ

ಮುದ್ದಿನ ಮಗಳಿಗೆ,

ಆಶೀರ್ವಾದ ಆಮೇಲೆ, ಮೊದಲು ಜಗಳ.

ನನ್ನ ಹಳೆಯ ಆಂಡ್ರಾಯ್ಡ್ ಫೋನನ್ನು ಯಾರನ್ನು ಕೇಳಿ ಎತ್ತಿಕೊಂಡು ಹೋದೆ? ಐಫೋನ್ ತಂದುಕೊಟ್ಟೆ, ಸಂತೋಷ. ಮನೇಲಿ ಎಲ್ಲರ ಹತ್ರಾನೂ ಇದೇ ಇದೆ, ನೀನೊಬ್ಳೇ ಯಾಕೆ ಬೇರೆ ಅಂತ ಗಂಡ ಹೆಂಡತಿ ಸೇರಿ ನನ್ನ ತಲೆ ತಿಂದಿರಿ. ನಿನ್ನ ಗಂಡನಂತೂ ಅದರ ಕ್ಯಾಮೆರಾವನ್ನು ಅರ್ಧ ಗಂಟೆ ಹೊಗಳಿದ. ಹುಟ್ಟುಕುರುಡಿ ಅತ್ತೆಗೆ ಕ್ಯಾಮೆರಾ! ನಗು ತಡೆದುಕೊಂಡು ಕೂತಿದ್ದೆ.

ನಿನ್ನ ಫೋನು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಪರದೆಯಲ್ಲಿರುವುದನ್ನು ಓದಿ ಹೇಳುವ ಅದರ ದನಿ ಸ್ಪಷ್ಟ, ಹಳೆಯದರ ಹಾಗೆ ನೆಗಡಿಯಾದವರಂತೆ ಮಾತಾಡುವುದಿಲ್ಲ. ಈ ಪತ್ರವನ್ನೂ ಅದರ ಗಾಜಿನ ಮೇಲೇ ಬ್ರೈಲ್ ಒತ್ತಿ ಬರೆಯುತ್ತಿದ್ದೇನೆ, ಒಂದಕ್ಷರ ನುಂಗಿಲ್ಲ. ಆದರೆ ಹಿಂದಿನ ಪುಟಕ್ಕೆ ಹೋಗಲು ಹಳೆಯದರಲ್ಲಿ ಒಂದು ಬೆರಳನ್ನು ಕೆಳಗೆಳೆದು ಎಡಕ್ಕೆ ತಿರುಗಿಸಿದರೆ ಮುಗಿಯಿತು. ಇದರಲ್ಲಿ ಎರಡು ಬೆರಳಿನಿಂದ ಅಡ್ಡಾದಿಡ್ಡಿ ಗೀಚಬೇಕು. ಕಣ್ಣಿರುವ ನೀವು ಚಿತ್ರ ನೋಡಿ ಒತ್ತುತ್ತೀರಿ. ನನಗೆ ಫೋನೆಂದರೆ ಬೆರಳಿಗಾದ ಅಭ್ಯಾಸ. ಕೇಳದೆ ಅದನ್ನು ಬದಲಿಸಿದ್ದು ಮನೆಯ ಬಾಗಿಲು ಕಿತ್ತು ಬೇರೆ ಗೋಡೆಗೆ ಇಟ್ಟ ಹಾಗಾಯಿತು.

ಅದಿರಲಿ, ಬೆರಳು ಕಲಿತೀತು. ನನ್ನ ಬಸ್ ಆಪ್ ಎಲ್ಲಿ? ಸ್ಟಾಪ್ ಬರುವ ಮೊದಲೇ ಅದರ ಹೆಸರು ಹೇಳುತ್ತಿದ್ದ ಆ ಆಪನ್ನು ಯಾರೋ ಪುಣ್ಯಾತ್ಮ ಬಿಡುವಿನಲ್ಲಿ ಮಾಡಿದ್ದು, ಬರೀ ಆಂಡ್ರಾಯ್ಡಿಗೆ. ಐಫೋನಿಗೆ ಯಾವಾಗ ಎಂದು ಬರೆದು ಕೇಳಿದರೆ, ಐಫೋನಿನ ಆಪ್ ಅಂಗಡೀಲಿ ಇಡೋಕೆ ವರ್ಷವರ್ಷವೂ ದುಡ್ಡು ಕಟ್ಟಬೇಕು ಮೇಡಂ, ನನ್ನ ಕೈಲಾಗಲ್ಲ ಅಂದ. ನಿನ್ನ ಲಕ್ಷಗಟ್ಟಲೆ ಆಪ್‌ಗಳಲ್ಲಿ ನನಗೆ ಬೇಕಾದದ್ದು ಒಂದೇ, ಅದೇ ಇಲ್ಲ. ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಕೆಲಸಕ್ಕೆ ಇಷ್ಟು ವರ್ಷ ಒಬ್ಬಳೇ ಹೋಗಿ ಬಂದಿದ್ದೇನೆ, ಯಾರ ಕೈಯನ್ನೂ ಹಿಡಿದಿಲ್ಲ. ಈಗಲೂ ತೊಂದರೆಯೇನಿಲ್ಲ, ಹೇಗೋ ಹೋಗಿ ಬರುತ್ತಿದ್ದೇನೆ.

ಇವತ್ತು ಮಾತ್ರ ಮೈ ಉರಿದುಹೋಯಿತು. ಕಾಫಿ ಕುಡಿಯುತ್ತಿದ್ದಾಗ ಫೋನು ತಾನಾಗಿಯೇ ಬಾಯಿಬಿಟ್ಟು, ನಾನಿರುವ ಜಾಗ ಮಗಳಿಗೆ ಕಾಣುತ್ತಿದೆ ಎಂದಿತು. ಸೆಟ್ಟಿಂಗಿನ ಮೂಲೆಯಲ್ಲಿ ಆನ್ ಮಾಡಿಟ್ಟರೆ ಅಮ್ಮನಿಗೆಲ್ಲಿ ಗೊತ್ತಾಗುತ್ತದೆ ಅಂದುಕೊಂಡೆ, ಅಲ್ಲವೇ? ನನ್ನ ಫೋನು ಎಲ್ಲವನ್ನೂ ಗಟ್ಟಿಯಾಗಿ ಓದುತ್ತದೆ ಮಗಳೇ! ಆ ದನಿಯನ್ನು ಹಾಕಿಕೊಟ್ಟವಳೇ ನೀನು. ದುಡಿಯುವ ಹೆಂಗಸನ್ನು ದನ ಕಾದ ಹಾಗೆ ಕಾಯುತ್ತಾರೆಯೇ? ನೀನೆಲ್ಲಿ ತಿರುಗುತ್ತೀಯ ಎಂದು ನಾನು ಎಂದಾದರೂ ಕದ್ದು ನೋಡಿದ್ದೇನೆಯೇ?

ಅದನ್ನು ಆಫ್ ಮಾಡಿದ್ದೇನೆ. ಹಳೆಯ ಫೋನನ್ನು ಈ ವಾರವೇ ತಂದುಕೊಡು. ಕ್ಯಾಮೆರಾ ಬೇಕಾದರೆ ನಿನ್ನ ಗಂಡ ಇಟ್ಟುಕೊಳ್ಳಲಿ.

ಇನ್ನೂ ಸಿಟ್ಟು ಇಳಿಯದ,
ನಿನ್ನ ಅಮ್ಮ

ತಾ.ಕ.: ಮೊನ್ನೆ ಸಂಜೆ ನೀನು ಫೋನ್ ಮಾಡಿ ಎಲ್ಲಿದ್ದೀಯಮ್ಮ ಅಂದಾಗ, ಮನೇಲೇ ಇದೀನಿ ಅಂದೆ. ಸುಳ್ಳು. ಯಾವುದೋ ಸ್ಟಾಪಿನಲ್ಲಿ ಇಳಿದು, ಯಾವ ಕಡೆ ತಿರುಗಬೇಕೆಂದು ತಿಳಿಯದೆ ಹೆದರಿ ನಿಂತಿದ್ದೆ. ನೀನು ಸರಿ ಅಮ್ಮ ಎಂದು ಫೋನಿಟ್ಟೆ. ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗಿ ಬಂದು, ನಾನೂ ಆ ಕಡೇನೇ ಹೋಗ್ತಿದೀನಿ ಆಂಟಿ, ಬನ್ನಿ ಎಂದು ನಮ್ಮ ಬಾಗಿಲವರೆಗೂ ಬಿಟ್ಟುಹೋದಳು. ನಮ್ಮ ಮನೆ ಯಾವುದೆಂದು ಅವಳು ಕೇಳಲೇ ಇಲ್ಲ ಎಂಬುದು ನನಗೆ ಹೊಳೆದದ್ದು ಇವತ್ತು. ಹಳೆಯ ಫೋನು ಬೇಕೇ ಬೇಕು. ಆದರೆ ಇನ್ನೊಮ್ಮೆ ನಾನು ಮನೇಲಿದೀನಿ ಅಂದರೆ ಸರಿ ಅಮ್ಮ ಅನ್ನಬೇಡ, ನಿಜ ಹೇಳು ಅನ್ನು. ಹೇಳುತ್ತೇನೆ.