ಕೆಳಗಿಳಿದ ಕೊಳಲು

ಮಾರ್ಚ್ ೧೪, ಸಂಜೆ. ಮೂರನೆಯ ಮಹಡಿ, ಗೋಡೆಗಳಿಗೆಲ್ಲ ಹಳೆಯ ಹಾಸಿಗೆ ಬಡಿದ ರೆಕಾರ್ಡಿಂಗ್ ಕೋಣೆ.

ಅಕ್ಕನಿಗೆ,

ಇಲ್ಲಿನ ಇಬ್ಬರು ಸಂಗೀತಗಾರರ ಹಳೆಯ ಟೇಪುಗಳನ್ನು ಕೇಳಿ ಅವರ ಬಗ್ಗೆ ಪುಸ್ತಿಕೆ ಬರೆಯುವ ಕೆಲಸ ಮುಗಿಯುತ್ತ ಬಂತು. ನಿನ್ನ ಆಪರೇಷನ್ ಆದಾಗ ಮೂರು ವಾರ ನಾವು ಕೇಳಿದ್ದು, ಕಣ್ಣು ಮುಚ್ಚಿದರೆ ಬಣ್ಣ ಕಾಣಿಸುವ ಆ ನಿಧಾನದ ಸಂಗೀತ, ಇವರದೇ. ಮೊದಲ ದಿನವೇ ಅದನ್ನು ಹೇಳಿ ಕೈಮುಗಿದೆ. ಇಬ್ಬರೂ ನಾಚಿಕೊಂಡರು. ಒಬ್ಬರು ಕೊಳಲು ನುಡಿಸುತ್ತಾರೆ. ಇನ್ನೊಬ್ಬರು ಅದನ್ನು ಯಂತ್ರಗಳಲ್ಲಿ ಹಿಗ್ಗಿಸಿ, ಕರಗಿಸಿ ಹಾಡು ಕಟ್ಟುತ್ತಾರೆ.

ಹತ್ತು ವರ್ಷಗಳಿಂದ ಕೊಳಲಿನ ಸ್ವರ ವರ್ಷವರ್ಷವೂ ಕೆಳಗಿಳಿದಿದೆ. ಈಗ ಹೊಸಬರೆಲ್ಲ ಹಾಗೆಯೇ ನುಡಿಸುತ್ತಾರೆ. ಕಾರಣ ಕೇಳಿದಾಗ ಕೊಳಲಿನವರು ಬಾಗಿಲು ಎಳೆದುಕೊಂಡು ಮೆಲ್ಲಗೆ ಹೇಳಿದರು: "ಅವನಿಗೆ ಮೇಲಿನ ಸ್ವರ ಕೇಳಿಸಲ್ಲಮ್ಮ. ಅದು ಅವನಿಗೇ ಗೊತ್ತಿಲ್ಲ. ಗೊತ್ತಾದ್ರೆ ಸಂಗೀತವೇ ಬೇಡ ಅಂತ ಅಂಗಡಿ ಮುಚ್ಚಿಬಿಡ್ತಾನೆ. ಅದಕ್ಕೇ ಅವನಿಗೆ ಕೇಳಿಸೋಷ್ಟರಲ್ಲೇ ನುಡಿಸ್ತೀನಿ. ಊರೆಲ್ಲ ಕಾಪಿ ಹೊಡೀತಿದೆ, ನಾನೇನ್ ಮಾಡ್ಲಿ?"

ಪುಸ್ತಿಕೆಯಲ್ಲಿ ಇಬ್ಬರ ಮಾತೂ ಬರಬೇಕಾದ್ದರಿಂದ ಯಂತ್ರದವರನ್ನೂ ಅದೇ ಪ್ರಶ್ನೆ ಕೇಳಿದೆ. "ವಯಸ್ಸಾದ್ಮೇಲೆ ಬುದ್ಧಿ ಬಂತು ಅವನಿಗೆ. ಮೊದಲೆಲ್ಲ ಗುಬ್ಬಿ ಥರ ಚಿಲಿಪಿಲಿ ಅಂತಿದ್ದ. ಈಗ ನೋಡಿ, ಎಂಥ ಗಾಂಭೀರ್ಯ," ಎಂದು ಹೆಮ್ಮೆಯಿಂದ ನಕ್ಕರು. ಇಂಥವರ ಸಂಗೀತ ನಮಗೆ ಒದಗಿಬಂತಲ್ಲ ಎನ್ನಿಸಿತು.

ನನ್ನ ಕೆಮ್ಮು ಬಿಟ್ಟಿದೆ, ಮಾತ್ರೆ ನಿಲ್ಲಿಸಿದೆ. ನೀನು ಬೆಳಗಿನ ನಡಿಗೆ ತಪ್ಪಿಸಬೇಡ. ಕಾರ್ಡಿನಲ್ಲಿ ಜಾಗವಿಲ್ಲ. ನಾಳೆ ಬರಹ ಒಪ್ಪಿಸಬೇಕು. ಸ್ವರ ಇಳಿದದ್ದಕ್ಕೆ ಕಾರಣವಾಗಿ ಯಂತ್ರದವರ ಮಾತನ್ನಷ್ಟೇ ಬರೆಯುವುದೆಂದು ತೀರ್ಮಾನಿಸಿದ್ದೇನೆ.

ನಿನ್ನ ತಂಗಿ